ಆಕಾಶದ ಸುದ್ದಿಗೂ ವಯಸ್ಸುಂಟು

ಮಳೆಗಾಲ ಬಂತೆಂದರೆ ಸಾಂಗಲಿ-ಮಿರಜದವರಾದ ನಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ. ಪೇಟೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಮಿರಜ ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುತ್ತ ನಿಂತಾಗ, ಭೇಟಿಯಾದವರು ಕ್ಷೇಮಸಮಾಚಾರಕ್ಕಿಂತ ಮೊದಲು ಕೇಳುವುದು ಕೃಷ್ಣೆಯ ನೀರಿನ ಮಾತು. 1929ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆಯ ಬಳಿ ನೀರು 40 ಅಡಿಗೆ ಬಂದರೆ ಎಚ್ಚರಿಕೆ, 45 ಅಡಿಗೆ ಬಂದರೆ ಅಪಾಯ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಆದರೆ ಬರಿಯ ಅಡಿಯ ಲೆಕ್ಕ ಹೇಳಿದರೆ ಇಲ್ಲಿ ಯಾರಿಗೂ ಸಮಾಧಾನವಾಗುವುದಿಲ್ಲ. "ನಲವತ್ತೆರಡು ಫೂಟ ಐತಿ" ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಕೂಡಲೇ "ಇದು ಯಾವಾಗಿನ ಮಾತು?" ಎಂದು ಕೇಳುತ್ತಾರೆ. ಬೆಳಗಿನ ನಲವತ್ತೆರಡಕ್ಕೂ ಸಂಜೆಯ ನಲವತ್ತೆರಡಕ್ಕೂ ಇರುವ ಅಂತರ ನದಿಯ ದಂಡೆಯಲ್ಲಿ ಬಾಳಿದವರಿಗೆ ತಿಳಿದೇ ಇದೆ. ಮೊದಲನೆಯದರಲ್ಲಿ ಸಾಮಾನು ಅಟ್ಟಕ್ಕೇರಿಸಲು ಹೊತ್ತಿರುತ್ತದೆ. ಎರಡನೆಯದರಲ್ಲಿ ಮನೆ ಬಿಡುವ ಹೊತ್ತು ಬಂದಿರುತ್ತದೆ.

ಇದೇ ಪ್ರಶ್ನೆಯನ್ನು ಇನ್ನೂ ಹೆಚ್ಚು ತುರ್ತಿನಿಂದ ಕೇಳಬೇಕಾದ ಇನ್ನೊಂದು ಜಾಗವುಂಟು. ಅದು ನಾಲ್ಕು ಜನ ಕುಳಿತರೆ ತುಂಬಿಹೋಗುವ ಸಣ್ಣ ವಿಮಾನದ ಕಾಕ್‌ಪಿಟ್. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಮಾನದ ಮಾತೇಕೆ ಎಂದು ಓದುಗರು ಕೇಳಬಹುದು. ಸುದ್ದಿಯನ್ನು ಹೇಗೆ ಪಡೆಯಬೇಕು, ಹೇಗೆ ತೂಗಬೇಕು, ಹೇಗೆ ಮುಂದಿನವರಿಗೆ ದಾಟಿಸಬೇಕು ಎಂಬುದು ನುಡಿಯನ್ನು ನಂಬಿ ಬದುಕುವ ಎಲ್ಲರ ಪ್ರಶ್ನೆ. ಎರಡು ರಾಜ್ಯಗಳ ಅಂಚಿನಲ್ಲಿ, ಎರಡು ಭಾಷೆಗಳ ಸುದ್ದಿಯ ನಡುವೆ ಬಾಳುತ್ತಿರುವ ನಮಗೆ ಅದು ಎರಡು ಪಟ್ಟು ಸಲ್ಲುತ್ತದೆ.

ಈ ವಿಷಯ ನಮ್ಮ ಬಳಗಕ್ಕೆ ಹತ್ತಿರವಾದುದು ಒಬ್ಬ ಹುಡುಗನಿಂದ. ನಮ್ಮ ಓಣಿಯಲ್ಲೇ ಬೆಳೆದ ಆತ ವಿಮಾನ ಚಾಲನೆಯ ತರಬೇತಿಗೆ ಹೋಗಿದ್ದಾನೆ. ರಜೆಗೆ ಬಂದಾಗಲೆಲ್ಲ ಹಿರಿಯರು ಅವನನ್ನು ಸುತ್ತುಗಟ್ಟುವುದು ವಾಡಿಕೆ. ಒಮ್ಮೆ ನಮ್ಮಲ್ಲೊಬ್ಬರು, "ಏನಪಾ ತಮ್ಮಾ, ಮ್ಯಾಲೆ ಹೋದ ಮ್ಯಾಲೆ ಮುಂದ ಮಳಿ ಐತೋ ಗಾಳಿ ಐತೋ ಅಂತ ನಿನಗ ಯಾರು ಹೇಳತಾರ?" ಎಂದು ಕೇಳಿದರು. ಅದಕ್ಕೆ ಆತ, "ಹೇಳೋರು ಇರತಾರ್ರಿ ಕಾಕಾ. ಆದರ ಅವರು ಹೇಳಿದ್ದು ಯಾವಾಗಿನ ಮಾತು ಅಂತ ಮೊದಲ ನೋಡಬೇಕ್ರಿ. ಮಳಿ ಎಲ್ಲಿ ಐತಿ ಅನ್ನೋದು ಆಮ್ಯಾಲಿನ ಮಾತು" ಎಂದ. ಕೃಷ್ಣಾ ದಂಡೆಯ ಹುಡುಗನಿಗೆ ಆ ಪಾಠವನ್ನು ಕಲಿಸುವುದು ಗುರುಗಳಿಗೆ ಅಷ್ಟು ಕಷ್ಟವಾಗಿರಲಾರದು.

ನಮ್ಮ ಊರುಗಳಿಗೆ ವಿಮಾನ ತೀರ ಪರಕೀಯವೂ ಅಲ್ಲ. ಸಾಂಗಲಿಯಿಂದ ತಾಸಗಾಂವದ ಕಡೆಗೆ ಹೋಗುವಾಗ ಸಿಗುವ ಕವಲಾಪುರದಲ್ಲಿ ಹಳೆಯ ವಿಮಾನ ಪಟ್ಟಿಯೊಂದುಂಟು. ಅಲ್ಲೊಂದು ನಿಲ್ದಾಣವಾಗಬೇಕೆಂಬ ಬೇಡಿಕೆಯೂ ಬಹಳ ವರುಷಗಳಿಂದ ಉಂಟು. ನೇರ ಗೆರೆಯಲ್ಲಿ ಅಳೆದರೆ ಮಿರಜಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೊಲ್ಹಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣವಿದೆ. ಅದು ಸಂಸ್ಥಾನದ ಕಾಲದಲ್ಲಿ, 1939ರಲ್ಲಿ, ಆರಂಭವಾದುದು. ದಕ್ಷಿಣಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ ಬೆಳಗಾವಿಯ ಸಾಂಬ್ರಾ ಇದೆ. ಅದನ್ನು ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆ ಕಟ್ಟಿತು. ಈ ಎರಡರ ನಡುವಿನ ಆಕಾಶದ ಕೆಳಗೆ ನಾವಿದ್ದೇವೆ. ತರಬೇತಿಯ ಪುಟ್ಟ ವಿಮಾನಗಳು, ರೋಗಿಗಳನ್ನು ಒಯ್ಯುವ ವಿಮಾನಗಳು, ಚುನಾವಣೆಯ ದಿನಗಳಲ್ಲಿ ಮುಖಂಡರನ್ನು ಹೊತ್ತು ತರುವ ಹೆಲಿಕಾಪ್ಟರುಗಳು ಹಾರುವುದು ಇಂಥ ಆಕಾಶದಲ್ಲೇ.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ಸಂಬಂಧ ಕಾಣುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹೂಗೆ ಅಂಚೆಯ ಚೀಲಗಳನ್ನು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ತಂದರು. ಅಲ್ಲಿಂದ ಮುಂದೆ ಅಂಚೆಯನ್ನು ಮದ್ರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವಿನ ತಂಗುದಾಣ ನಮ್ಮ ಬಳ್ಳಾರಿ. ಅಂದು ಅದು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಭೂಪಟವನ್ನು ಹರವಿ ಜುಹೂದಿಂದ ಬಳ್ಳಾರಿಗೆ ನೇರವಾದ ಗೆರೆ ಎಳೆದರೆ, ಆ ಗೆರೆ ನಮ್ಮ ಸಾಂಗಲಿ ಜಿಲ್ಲೆಯಲ್ಲಿ ಕವಠೆ ಮಹಾಂಕಾಳ ಮತ್ತು ಜತ್ತಗಳ ನಡುವೆ ಹಾದುಹೋಗುತ್ತದೆ. ಭಾರತದ ನಾಗರಿಕ ವಿಮಾನಯಾನದ ಮೊದಲ ದಾರಿಯೊಂದು ಕನ್ನಡ ಮಾತಾಡುವ ಜತ್ತ ಸೀಮೆಯ ಅಂಚಿನಲ್ಲೇ ಹಾಸಿತ್ತು ಎಂದು ನೆನೆದರೆ ಹೆಮ್ಮೆಯೆನಿಸುತ್ತದೆ.

ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಒಮ್ಮೆ ನೆಲ ಬಿಟ್ಟರೆ ಮುಂದಿನ ಊರಿನಲ್ಲಿ ಇಳಿಯುವ ತನಕ ಆಕಾಶದ ಸುದ್ದಿ ಹೇಳುವವರು ಯಾರೂ ಇರಲಿಲ್ಲ. ಹೊರಡುವ ಮುನ್ನ ತಂತಿಯ ಮೂಲಕ ತಿಳಿದದ್ದೆಷ್ಟೋ ಅಷ್ಟು. ಮಿಕ್ಕದ್ದಕ್ಕೆ ಕಣ್ಣೇ ಗತಿ. ಮೋಡದ ಬಣ್ಣ, ಕೆಳಗಿನ ಕೆರೆಯ ಮೇಲಿನ ಅಲೆ, ಒಲೆಯ ಹೊಗೆ ಯಾವ ಕಡೆಗೆ ಬಾಗಿದೆ ಎಂಬುದು, ಇವೇ ಅಂದಿನ ಚಾಲಕನ ಹವಾಮಾನ ವರದಿ. ಮಳೆಗಾಲದಲ್ಲಿ ಜುಹೂದ ಇಳಿದಾಣವೇ ನೀರಿನಡಿ ಹೋಗುತ್ತಿತ್ತು. ಆಗ ವಿಮಾನಗಳನ್ನೂ ಕೆಲಸಗಾರರನ್ನೂ ಪುಣೆಗೆ ಸಾಗಿಸಿ, ಯರವಡಾ ಸೆರೆಮನೆಯ ಬಳಿಯ ಬಯಲಿನಿಂದ ಹಾರಾಟ ನಡೆಸುತ್ತಿದ್ದರು. ಆ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಧೈರ್ಯವೊಂದನ್ನೇ ನಂಬಿ ವಿಮಾನಯಾನ ಬಹುಕಾಲ ನಡೆಯಲಾರದೆಂದು ಅದನ್ನು ಬೆಳೆಸಿದವರೇ ಕಂಡುಕೊಂಡರು. ಚಾಲಕನ ಕಣ್ಣಿಗೆ ಕಾಣದ ದೂರದ ಆಕಾಶವನ್ನು ಅವನಿಗೆ ತಲುಪಿಸುವ ಉಪಾಯಗಳನ್ನು ಒಂದೊಂದಾಗಿ ಹೂಡಿದರು.

ಆ ಉಪಾಯಗಳಲ್ಲಿ ಮೊದಲನೆಯದು, ಇಂದಿಗೂ ಅಡಿಗಲ್ಲಿನಂತಿರುವುದು, ವಿಮಾನ ನಿಲ್ದಾಣದ ಹವಾಮಾನ ವರದಿ. ಅದಕ್ಕೆ ಮೆಟಾರ್ ಎಂದು ಹೆಸರು. ನಮ್ಮ ದೇಶದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾದುದು. 1928ರಲ್ಲಿ ಅದರ ಮುಖ್ಯ ಕಚೇರಿ ಸಿಮ್ಲಾದಿಂದ ಪುಣೆಗೆ ಬಂದುದರಿಂದ ಪುಣೆಯವರು ಆ ಕಟ್ಟಡವನ್ನು ಇಂದಿಗೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಆ ಇಲಾಖೆಯ ವೀಕ್ಷಕರು ವಿಮಾನ ನಿಲ್ದಾಣಗಳಲ್ಲಿ ಅರ್ಧ ಗಂಟೆಗೊಮ್ಮೆ ಇಲ್ಲವೆ ಗಂಟೆಗೊಮ್ಮೆ ಆಕಾಶವನ್ನೂ ಉಪಕರಣಗಳನ್ನೂ ನೋಡಿ ಒಂದು ಸಾಲಿನ ವರದಿಯನ್ನು ಬರೆಯುತ್ತಾರೆ. ಆ ಸಾಲಿನ ಕಟ್ಟುನಿಟ್ಟನ್ನು ಹುಡುಗ ನಮಗೆ ಬಿಡಿಸಿ ತೋರಿಸಿದ. ಮೊದಲು ಊರಿನ ಗುರುತು. ಅದರ ಬೆನ್ನಿಗೇ ದಿನಾಂಕ ಮತ್ತು ಹೊತ್ತು. ಅದಾದ ಮೇಲೆ ಗಾಳಿಯ ದಿಕ್ಕು ಮತ್ತು ವೇಗ, ಎಷ್ಟು ದೂರ ಕಣ್ಣಿಗೆ ಕಾಣುತ್ತದೆ ಎಂಬುದು, ಮಳೆ-ಮಂಜು-ಗುಡುಗು, ಮೋಡಗಳ ಎತ್ತರ, ಉಷ್ಣತೆ, ಕೊನೆಗೆ ವಾಯುಭಾರ. ಹೊತ್ತನ್ನು ಬರೆಯುವುದು ಭಾರತದ ಗಡಿಯಾರದಂತೆ ಅಲ್ಲ, ಜಗತ್ತಿಗೆಲ್ಲ ಒಂದೇ ಆದ ಸಾರ್ವತ್ರಿಕ ಕಾಲಮಾನದಂತೆ. ನಮ್ಮ ಬೆಳಗಿನ 9:30 ಅಲ್ಲಿ 0400 ಆಗುತ್ತದೆ. ಗಾಳಿ-ಮಳೆಗಳ ಮಾತು ಬರುವ ಮೊದಲೇ ಹೊತ್ತಿನ ಮಾತು ಬಂದಿರಬೇಕೆಂಬ ಈ ಕ್ರಮವನ್ನು ಕಟ್ಟಿದವರ ವಿವೇಕವನ್ನು ನಾವು ಮೆಚ್ಚಿದೆವು.

ವರದಿಯ ತುದಿಯಲ್ಲಿ ಬರುವ ವಾಯುಭಾರದ ಅಂಕಿ ನೋಡುವುದಕ್ಕೆ ಅಲ್ಪವಾದರೂ ಅದರ ಮೇಲೆ ಜೀವವೇ ನಿಂತಿದೆ. ಸಣ್ಣ ವಿಮಾನದ ಎತ್ತರಮಾಪಕ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡವನ್ನು ಅಳೆದು ಅದನ್ನೇ ಎತ್ತರವೆಂದು ತೋರಿಸುತ್ತದೆ. ನೆಲದ ಬಳಿಯ ಒತ್ತಡ ದಿನದಿಂದ ದಿನಕ್ಕೆ, ಊರಿನಿಂದ ಊರಿಗೆ ಬದಲಾಗುವುದರಿಂದ ಚಾಲಕನು ಆಯಾ ಪ್ರದೇಶದ ಅಂಕಿಯನ್ನು ರೇಡಿಯೋದಲ್ಲಿ ಕೇಳಿ ಮಾಪಕವನ್ನು ಹೊಂದಿಸಿಕೊಳ್ಳಬೇಕು. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪುತ್ತದೆ. ಹತ್ತು ತಪ್ಪಿದರೆ ಸುಮಾರು 300 ಅಡಿ. ಒತ್ತಡ ಕಡಿಮೆಯಿರುವ ಕಡೆಗೆ ಹಳೆಯ ಅಂಕಿಯೊಡನೆಯೇ ಹಾರುತ್ತ ಹೋದರೆ ಮಾಪಕ ತೋರಿಸುವುದಕ್ಕಿಂತ ವಿಮಾನ ಕೆಳಗಿರುತ್ತದೆ. ಅದರ ಮೇಲೆ ನಮ್ಮ ನೆಲವೂ ಸಮತಟ್ಟಲ್ಲ. ಸಾಂಗಲಿ ಸಮುದ್ರಮಟ್ಟದಿಂದ ಸುಮಾರು 1800 ಅಡಿ ಎತ್ತರದಲ್ಲಿದ್ದರೆ ಕೊಲ್ಹಾಪುರದ ನಿಲ್ದಾಣ ಸುಮಾರು 2000 ಅಡಿ, ಸಾಂಬ್ರಾ ಸುಮಾರು 2500 ಅಡಿ. ದಕ್ಷಿಣಕ್ಕೆ ಹೋದಂತೆ ನೆಲ ತಾನಾಗಿ ಮೇಲೇರುತ್ತದೆ. ಮೋಡ ತಗ್ಗಿದ ದಿನ ಹಳೆಯ ಅಂಕಿಯನ್ನು ನಂಬಿ ಆ ದಾರಿಯಲ್ಲಿ ಹಾರುವುದು ಎಂಥ ಅಪಾಯವೆಂದು ವಿವರಿಸಬೇಕಿಲ್ಲ.

ಈ ಸುದ್ದಿ ಮೇಲಿರುವವನಿಗೆ ಮುಟ್ಟುವುದು ಬಹುಮಟ್ಟಿಗೆ ಧ್ವನಿಯ ಮೂಲಕ. ದೊಡ್ಡ ನಿಲ್ದಾಣಗಳಲ್ಲಿ ಧ್ವನಿಮುದ್ರಿತ ವರದಿ ಎಡೆಬಿಡದೆ ಪ್ರಸಾರವಾಗುತ್ತಿರುತ್ತದೆ. ಉಳಿದೆಡೆ ಗೋಪುರದಲ್ಲಿ ಕುಳಿತ ನಿಯಂತ್ರಕರನ್ನು ಕೇಳಿ ತಿಳಿಯಬೇಕು. ಈ ರೇಡಿಯೋದ ಅಲೆಗಳು ನೇರವಾಗಿ ಸಾಗುತ್ತವೆ. ಭೂಮಿಯ ಬಾಗನ್ನಾಗಲಿ ಗುಡ್ಡದ ಮರೆಯನ್ನಾಗಲಿ ಬಳಸಿ ಬರುವುದಿಲ್ಲ. ನೆಲದಿಂದ 1000 ಅಡಿ ಎತ್ತರದಲ್ಲಿ ಹಾರುವವನಿಗೆ ಸುಮಾರು 70 ಕಿಲೋಮೀಟರ್ ತನಕ, 3000 ಅಡಿಯಲ್ಲಿ ಹಾರುವವನಿಗೆ ಸುಮಾರು 125 ಕಿಲೋಮೀಟರ್ ತನಕ ಮಾತ್ರ ಅದು ಕೇಳುತ್ತದೆ. ಅಂದರೆ ಮಿರಜದ ಮೇಲೆ ತಗ್ಗಿನಲ್ಲಿ ಹಾರುವ ವಿಮಾನಕ್ಕೆ ಕೊಲ್ಹಾಪುರದ ಧ್ವನಿ ಕೇಳುತ್ತದೆ, ಬೆಳಗಾವಿಯದು ಕೇಳುವುದಿಲ್ಲ. ಅದು ಬೇಕಾದರೆ ಮೇಲೇರಬೇಕು. ಆದರೆ ಹವೆ ಕೆಟ್ಟ ದಿನ ಮೇಲೇರಲು ಮೋಡ ಬಿಡುವುದಿಲ್ಲ. ಸುದ್ದಿ ಬಹಳವಾಗಿ ಬೇಕಾದ ದಿನವೇ ಸುದ್ದಿ ದೊರೆಯುವುದು ಕಷ್ಟ ಎಂಬುದು ಸಣ್ಣ ವಿಮಾನದ ಹಳೆಯ ಸಂಕಟ. ನೆರೆ ಬಂದ ದಿನವೇ ವಿದ್ಯುತ್ತು ಹೋಗಿ ಮೊಬೈಲ್ ಗೋಪುರಗಳು ಮೂಕವಾಗುವುದನ್ನು ಕಂಡ ನಮಗೆ ಈ ಸಂಕಟ ಹೊಸತಲ್ಲ.

ನೂರಾರು ಜನರನ್ನು ಒಯ್ಯುವ ದೊಡ್ಡ ವಿಮಾನಗಳ ಮೂತಿಯಲ್ಲೇ ರೇಡಾರ್ ಇರುತ್ತದೆ. ಎದುರಿನ ಮೋಡದಲ್ಲಿ ಎಷ್ಟು ಮಳೆಯಿದೆಯೆಂದು ಅದು ಆ ಕ್ಷಣದಲ್ಲೇ ತೋರಿಸುತ್ತದೆ. ಒಂದೇ ಎಂಜಿನ್ನಿನ ಪುಟ್ಟ ವಿಮಾನದ ಮೂತಿಯಲ್ಲಿ ತಿರುಗುವುದು ಪಂಖ. ಅಲ್ಲಿ ರೇಡಾರಿಗೆ ಎಡೆಯೂ ಇಲ್ಲ, ಅದರ ಬೆಲೆಯೂ ಎಟುಕುವುದಿಲ್ಲ. ಈ ಕೊರತೆಯನ್ನು ನೀಗಿಸಲು ಅಮೆರಿಕದಲ್ಲಿ ಒಂದು ಬಗೆ ರೂಢಿಗೆ ಬಂದಿದೆ. ದೇಶದ ಉದ್ದಗಲಕ್ಕೂ ನೆಲದ ಮೇಲೆ ನಿಲ್ಲಿಸಿದ ಹವಾಮಾನ ರೇಡಾರುಗಳು ಕಂಡದ್ದನ್ನು ಒಂದುಗೂಡಿಸಿ ದೊಡ್ಡ ಚಿತ್ರವೊಂದನ್ನು ಹೆಣೆಯುತ್ತಾರೆ. ಅದನ್ನು ನೆಲದ ಪ್ರಸಾರ ಕೇಂದ್ರಗಳಿಂದ ಇಲ್ಲವೆ ಉಪಗ್ರಹದಿಂದ ಕೆಳಕ್ಕೆ ಬಿಡುತ್ತಾರೆ. ಸರಕಾರದ ಪ್ರಸಾರಕ್ಕೆ ಶುಲ್ಕವಿಲ್ಲ. ಉಪಗ್ರಹದ ಸೇವೆಗೆ ಚಂದಾ ಉಂಟು. ಪುಟ್ಟದೊಂದು ಗ್ರಾಹಕ ಯಂತ್ರವಿದ್ದರೆ ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಲ್ಲಿ ನೂರಾರು ಮೈಲಿ ಆಚೆಯ ಮಳೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಮೂಡುತ್ತದೆ. ಅದರೊಡನೆ ನಿಲ್ದಾಣಗಳ ವರದಿ, ಮುನ್ಸೂಚನೆ, ಮೇಲಿನ ಗಾಳಿಯ ಲೆಕ್ಕವೂ ಬರುತ್ತದೆ. ಪುಸ್ ಮಾತ್ ಹಾರಿಸಿದವರು ಇದನ್ನು ಕಂಡಿದ್ದರೆ ಮಾಯೆಯೆಂದೇ ಬಗೆಯುತ್ತಿದ್ದರು.

ಅಪಾಯ ಅಡಗಿದ್ದುದು ಆ ಚಿತ್ರದ ಚಂದದಲ್ಲೇ. ರೇಡಾರು ಬೇರೆ ಬೇರೆ ಕೋನಗಳಲ್ಲಿ ಆಕಾಶವನ್ನು ಒಂದು ಸುತ್ತು ಪೂರ್ತಿಯಾಗಿ ನೋಡಲು ಕೆಲವು ನಿಮಿಷ ಬೇಕು. ಅನೇಕ ರೇಡಾರುಗಳು ಕಂಡದ್ದನ್ನು ಜೋಡಿಸಲು ಇನ್ನಷ್ಟು ಹೊತ್ತು, ಪ್ರಸಾರಕ್ಕೆ ಮತ್ತಷ್ಟು ಹೊತ್ತು. ತೆರೆಯ ಮೂಲೆಯಲ್ಲಿ "ಒಂದು ನಿಮಿಷದ ಹಿಂದಿನದು" ಎಂದು ತೋರಿಸಿದರೆ, ಅದು ಚಿತ್ರವನ್ನು ಜೋಡಿಸಿದ ಹೊತ್ತೇ ಹೊರತು ಮಳೆಯನ್ನು ಕಂಡ ಹೊತ್ತಲ್ಲ. ಮಾರಣಾಂತಿಕ ಅಪಘಾತಗಳನ್ನು ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಚಾಲಕರಿಗೆ ಎಚ್ಚರಿಕೆಯ ಪತ್ರವೊಂದನ್ನು ಹೊರಡಿಸಿತು. ತೆರೆಯ ಮೇಲೆ ಕಾಣುವ ವಯಸ್ಸಿಗಿಂತ ಚಿತ್ರದ ನಿಜವಾದ ವಯಸ್ಸು ಕೆಲವೊಮ್ಮೆ 15ರಿಂದ 20 ನಿಮಿಷ ಹೆಚ್ಚಿರಬಹುದು ಎಂಬುದು ಅದರ ಸಾರ. ಕಾಕ್‌ಪಿಟ್ಟಿನಲ್ಲಿ ಚಿತ್ರವಿದ್ದೂ ಚಾಲಕರು ಮಳೆಗಾಳಿಗೆ ಸಿಕ್ಕಿದ್ದರು. ಮೋಡಗಳ ನಡುವೆ ದಾರಿಯಿದೆಯೆಂದು ತೆರೆ ತೋರಿಸುತ್ತಿದ್ದರೂ ನಿಜವಾದ ಆಕಾಶದಲ್ಲಿ ಆ ದಾರಿ ಮುಚ್ಚಿಹೋಗಿರಬಹುದು.

ಇಪ್ಪತ್ತು ನಿಮಿಷವೆಂದರೆ ನಮ್ಮ ಸೀಮೆಯ ಲೆಕ್ಕದಲ್ಲಿ ಏನಾದೀತು? ಮಿರಜದಿಂದ ವಿಜಯಪುರಕ್ಕೆ ನೇರ ಗೆರೆಯಲ್ಲಿ ಸುಮಾರು 110 ಕಿಲೋಮೀಟರ್. ಸೆಸ್ನಾ 172ರಂಥ ತರಬೇತಿಯ ವಿಮಾನ ಗಂಟೆಗೆ ಸುಮಾರು 220 ಕಿಲೋಮೀಟರ್ ಹಾರುತ್ತದೆ. ಅರ್ಧ ಗಂಟೆಯ ದಾರಿ. ವೈಶಾಖದ ಸಂಜೆ ಜತ್ತದ ಕಡೆಯಿಂದ ಏಳುವ ಗುಡುಗು ಮೋಡಗಳನ್ನು ನಾವೆಲ್ಲ ಕಂಡಿದ್ದೇವೆ. ಮಧ್ಯಾಹ್ನ ಹತ್ತಿಯ ಉಂಡೆಯಂತಿದ್ದುದು ಚಹ ಕುಡಿದು ಹೊರಗೆ ಬರುವಷ್ಟರಲ್ಲಿ ಕರಿಯ ಗೋಡೆಯಾಗಿ ಧೂಳೆಬ್ಬಿಸುತ್ತ ಬಂದಿರುತ್ತದೆ. ಅಂಥ ಮೋಡ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗಿದರೂ ಇಪ್ಪತ್ತು ನಿಮಿಷಕ್ಕೆ 13 ಕಿಲೋಮೀಟರ್ ಮುಂದೆ ಬಂದಿರುತ್ತದೆ. ಅಷ್ಟರಲ್ಲಿ ವಿಮಾನವೂ ಅದರತ್ತ 70 ಕಿಲೋಮೀಟರಿಗೂ ಮಿಕ್ಕಿ ಹೋಗಿರುತ್ತದೆ. ಬಲವಾದ ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ, ಎಂದರೆ ಸುಮಾರು 37 ಕಿಲೋಮೀಟರ್, ದೂರವಿರಬೇಕೆಂದು ಚಾಲಕರಿಗೆ ಕಲಿಸುತ್ತಾರೆ. ಹಳೆಯ ಚಿತ್ರವನ್ನು ಹೊಸದೆಂದು ನಂಬಿದವನಿಗೆ ಆ ಅಂತರ ಅರಿವಿಲ್ಲದೆಯೇ ಕರಗಿಹೋಗುತ್ತದೆ. ಆದಕಾರಣ ಇಂಥ ಚಿತ್ರವನ್ನು ಮೋಡದ ಸಂದಿಯಲ್ಲಿ ನುಸುಳುವುದಕ್ಕೆ ಬಳಸಬಾರದು, ಇಡೀ ಮೋಡದ ಸಾಲನ್ನೇ ದೂರದಿಂದ ಬಳಸಿ ಹೋಗುವುದಕ್ಕೆ ಅಥವಾ ಹಿಂತಿರುಗುವುದಕ್ಕೆ ಮಾತ್ರ ಬಳಸಬೇಕು ಎಂಬುದು ಬಲ್ಲವರ ಕಟ್ಟಳೆ.

ನಮ್ಮ ದೇಶದ ಸಣ್ಣ ವಿಮಾನಗಳಲ್ಲಿ ಆ ಬಗೆಯ ಪ್ರಸಾರ ಇನ್ನೂ ರೂಢಿಗೆ ಬಂದಿಲ್ಲ. ಹೊರಡುವ ಮುನ್ನ ಹವಾಮಾನ ಇಲಾಖೆಯ ವರದಿ, ಮುನ್ಸೂಚನೆ, ರೇಡಾರು ಮತ್ತು ಉಪಗ್ರಹದ ಚಿತ್ರಗಳನ್ನು ಓದಿಕೊಂಡು, ಮೇಲೆ ಹೋದ ನಂತರ ರೇಡಿಯೋದ ಧ್ವನಿಯನ್ನೂ ತನ್ನ ಕಣ್ಣನ್ನೂ ನಂಬಿ ಹಾರುವುದೇ ಇಲ್ಲಿನ ಪದ್ಧತಿ. ಮೊಬೈಲು ಮೇಲೆಯೂ ಒಮ್ಮೊಮ್ಮೆ ಸುದ್ದಿ ತರಬಹುದು. ಆದರೆ ನೆಲದ ಮೇಲಿನವರಿಗಾಗಿ ಕಟ್ಟಿದ ಆ ಜಾಲವನ್ನು ಆಕಾಶದಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಸುದ್ದಿ ಸಿಕ್ಕರೂ ಅದನ್ನು ನೋಡಲು ಮನಸ್ಸಿಗೆ ಬಿಡುವಿರಬೇಕು ಎಂಬುದನ್ನು ನಮ್ಮ ನೆರೆಯ ಆಂಧ್ರದ ದುರಂತವೊಂದು ತೋರಿಸಿಕೊಟ್ಟಿದೆ. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರು ಹೈದರಾಬಾದಿನ ಬೇಗಂಪೇಟೆಯಿಂದ ಚಿತ್ತೂರು ಜಿಲ್ಲೆಗೆ ಹೊರಟಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿದ್ದು ಐವರೂ ತೀರಿಕೊಂಡರು. ಗುಡುಗು ಮೋಡದೊಳಗಿನ ಪ್ರಬಲವಾದ ಕೆಳಗಾಳಿಗೆ ಸಿಕ್ಕಿ ಹೆಲಿಕಾಪ್ಟರ್ ಹತೋಟಿ ತಪ್ಪಿತೆಂದು ತನಿಖಾ ಸಮಿತಿ ಕಂಡುಕೊಂಡಿತು. ಅದಕ್ಕೆ ಮುಂಚಿನ ಕೆಲವು ನಿಮಿಷ ಚಾಲಕರ ಗಮನವೆಲ್ಲ ಎಣ್ಣೆಯ ಒತ್ತಡದ ಸೂಚಕದ ತೊಡಕಿನ ಕಡೆಗೆ ಹರಿದಿತ್ತು. ಮುಂದೆ ಮೋಡವಿದ್ದರೂ ದಾರಿ ಬದಲಾಗಲಿಲ್ಲ.

ಈ ಸಂಗತಿಗಳನ್ನೆಲ್ಲ ಕೇಳುತ್ತ ಕುಳಿತಾಗ ನಮ್ಮ ಬಳಗದ ಎಲ್ಲರ ಮನಸ್ಸೂ 2019ರ ಆಗಸ್ಟ್ ತಿಂಗಳಿಗೆ ಹೋಯಿತು. ನಮ್ಮ ಊರಿನ ನೆರೆ ಬಹುಪಾಲು ನಮ್ಮ ತಲೆಯ ಮೇಲಿನ ಮೋಡದಿಂದ ಬರುವುದಲ್ಲ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಾಂಗಲಿಯಲ್ಲಿ ಬೀಳುವುದು ಅದರ ಸಣ್ಣದೊಂದು ಪಾಲು. ಕೊಯ್ನಾ ಕಣಿವೆಯ ನೀರು, ಹರಿಪುರದಲ್ಲಿ ಕೂಡುವ ವಾರಣೆಯ ನೀರು, ಕೆಳಗೆ ನರಸೋಬಾವಾಡಿಯಲ್ಲಿ ಸೇರುವ ಪಂಚಗಂಗೆಯ ಒತ್ತು, ಇವೆಲ್ಲ ಸೇರಿ ನಮ್ಮ ಅಂಗಳಕ್ಕೆ ಬರುತ್ತವೆ. ಕಾಣದ ಊರಿನ ಆಕಾಶ ನಮ್ಮ ಮನೆಯ ಹೊಸ್ತಿಲನ್ನು ತೀರ್ಮಾನಿಸುತ್ತದೆ. ಸಣ್ಣ ವಿಮಾನದ ಚಾಲಕನಂತೆ ನಾವೂ ದೂರದ ಸುದ್ದಿಯ ಮೇಲೆ ಬದುಕುವವರು. 2005ರಲ್ಲಿ ಆಯರ್ವಿನ್ ಸೇತುವೆಯ ಬಳಿ 53 ಅಡಿ ಮುಟ್ಟಿದ ನೀರು 2019ರಲ್ಲಿ 57 ಅಡಿ ದಾಟಿತು. ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಪಾರುಮಾಡುತ್ತಿದ್ದ ದೋಣಿ ಮಗುಚಿ ಹಲವರು ಅಸುನೀಗಿದರು. 2005ರ ನೆರೆಯನ್ನು ಕಂಡವರು ಅಂದಿನ ಗುರುತಿಗಿಂತ ಮೇಲೆ ನೀರು ಬಾರದೆಂದು ನಂಬಿ ಮನೆಯಲ್ಲೇ ಉಳಿದದ್ದೂ ಉಂಟು. ಹದಿನಾಲ್ಕು ವರ್ಷ ಹಳೆಯ ಸುದ್ದಿಯನ್ನು ಅಂದಿನದೆಂದು ನಂಬಿದ ಸ್ಥಿತಿ ಅದು.

ಆ ದಿನಗಳಲ್ಲಿ ಮೊಬೈಲಿಗೆ ಬಂದ ಸಂದೇಶಗಳಿಗೆ ಲೆಕ್ಕವಿರಲಿಲ್ಲ. ಆಣೆಕಟ್ಟಿನಿಂದ ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂಬ ಮಾತು ಬರುತ್ತಿತ್ತು. ಎಂದು ಬಿಟ್ಟರು ಎಂಬುದು ಮಾತ್ರ ಇರುತ್ತಿರಲಿಲ್ಲ. ನಿನ್ನೆಯ ಸುದ್ದಿ ಇಂದು ಮತ್ತೆ ಸುತ್ತು ಹೊಡೆದು ಬರುತ್ತಿತ್ತು. ಬೇರೆ ಊರಿನ, ಬೇರೆ ವರ್ಷದ ಚಿತ್ರಗಳು ನಮ್ಮ ಊರಿನ ಹೆಸರು ಹೊತ್ತು ಬರುತ್ತಿದ್ದವು. ಮೇಲಿನವರು ಆಲಮಟ್ಟಿಯ ಬಾಗಿಲು ತೆರೆಯಲಿಲ್ಲವೆಂದು, ಕೆಳಗಿನವರು ಕೊಯ್ನೆಯಿಂದ ಹೇಳದೆ ನೀರು ಬಿಟ್ಟರೆಂದು ಒಬ್ಬರನ್ನೊಬ್ಬರು ದೂರುತ್ತಿದ್ದರು. ಅಥಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ನಮ್ಮ ಬೀಗರಿದ್ದಾರೆ. ಸಾಂಗಲಿ, ಮಿರಜ, ಶಿರೋಳಗಳಲ್ಲಿ ನಮ್ಮ ಮನೆಗಳಿವೆ. ಮೇಲಿನ ನೀರೂ ನಮ್ಮದೇ, ಕೆಳಗಿನ ನೀರೂ ನಮ್ಮದೇ. ಆಗ ನಮ್ಮ ಬಳಗದ ಕೆಲವರು ತಾವಾಗಿ ಒಂದು ಕೆಲಸ ಕೈಗೊಂಡರು. ಮರಾಠಿಯಲ್ಲಿ ಪ್ರಕಟವಾಗುತ್ತಿದ್ದ ಮೇಲಿನ ಆಣೆಕಟ್ಟುಗಳ ವಿವರವನ್ನು ಕನ್ನಡಕ್ಕೆ ತಂದು ಗಡಿಯಾಚೆಯ ನಂಟರಿಗೆ ಕಳಿಸುವುದು, ಆಲಮಟ್ಟಿಯ ಕನ್ನಡದ ವಿವರವನ್ನು ಮರಾಠಿಗೆ ತಂದು ಇಲ್ಲಿನ ನೆರೆಹೊರೆಯವರಿಗೆ ಹೇಳುವುದು. ಪ್ರತಿಯೊಂದರ ತಲೆಯ ಮೇಲೆ ದಿನಾಂಕ, ಹೊತ್ತು, ಹೇಳಿದ ಕಚೇರಿಯ ಹೆಸರು ಇರಲೇಬೇಕೆಂಬುದು ಅವರು ಹಾಕಿಕೊಂಡ ನಿಯಮ. ಹೊತ್ತಿಲ್ಲದ ಸಂದೇಶವನ್ನು ಅವರು ಮುಂದೆ ಕಳಿಸುತ್ತಿರಲಿಲ್ಲ. ಮೆಟಾರಿನ ಹೆಸರನ್ನೇ ಕೇಳದ ಅವರು ಬರೆದದ್ದು ಮೆಟಾರಿನ ಕ್ರಮದಲ್ಲೇ ಇತ್ತು.

ಸರಕಾರಗಳೂ ಆ ದಾರಿಗೆ ಬಂದದ್ದು ಸಮಾಧಾನದ ಸಂಗತಿ. 2021ರ ಜೂನ್ ತಿಂಗಳಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರಾಗಿದ್ದ, ನಮ್ಮ ಜಿಲ್ಲೆಯವರೇ ಆದ ಜಯಂತ ಪಾಟೀಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರನ್ನು ಕಂಡು, ಮಳೆ ಮತ್ತು ನೀರಿನ ಹರಿವಿನ ಅಂಕಿಗಳನ್ನು ಎರಡೂ ರಾಜ್ಯಗಳು ಆಯಾ ಹೊತ್ತಿಗೇ ಹಂಚಿಕೊಳ್ಳುವ ಬಗ್ಗೆ ಮಾತಾಡಿದರು. ಮರುತಿಂಗಳೇ ಕೃಷ್ಣೆ ಮತ್ತೆ ಅಪಾಯದ ಮಟ್ಟವನ್ನು ಬಹಳವಾಗಿ ಮೀರಿದಳು. ಅಂಕಿಗಳ ಹಂಚಿಕೆ ನೆರೆಯನ್ನು ತಡೆಯಲಾರದು. ಆದರೆ ಹೊತ್ತಿಗೆ ಸರಿಯಾಗಿ ಬಂದ ಸುದ್ದಿ ಮುದುಕರನ್ನೂ ಮಕ್ಕಳನ್ನೂ ದನಕರುಗಳನ್ನೂ ಎತ್ತರಕ್ಕೆ ಸಾಗಿಸಲು ಒಂದು ಹಗಲನ್ನು ಕೊಡಬಲ್ಲದು. ತಾಸಗಾಂವದ ದ್ರಾಕ್ಷಿಯ ರೈತನಿಗೂ ಅಷ್ಟೇ. ಒಣದ್ರಾಕ್ಷಿಯ ಚಪ್ಪರದಲ್ಲಿ ಹಣ್ಣು ಹರವಿದಾಗ ಅಡ್ಡಮಳೆಯ ಮುನ್ಸೂಚನೆ ಎರಡು ಗಂಟೆ ಮೊದಲು ಬಂದರೆ ಪರದೆ ಇಳಿಸಿ ವರ್ಷದ ದುಡಿಮೆಯನ್ನು ಉಳಿಸಿಕೊಳ್ಳಬಹುದು. ಮಳೆ ಬಿದ್ದ ಮೇಲೆ ಬಂದರೆ ಅದು ಬರಿಯ ವಾರ್ತೆ.

ನಮ್ಮ ಹುಡುಗ ಹೇಳಿದ ಇನ್ನೊಂದು ಮಾತು ಹಿರಿಯರ ಮನಸ್ಸಿನಲ್ಲಿ ನಾಟಿತು. ಅವನ ಶಾಲೆಯಲ್ಲಿ ಹಾರಾಟ ಮುಗಿಸಿ ಬಂದವನಿಗೆ ಯಾರೂ ವಿಶೇಷವಾಗಿ ಶಹಬ್ಬಾಸ್ ಎನ್ನುವುದಿಲ್ಲವಂತೆ. ಹವೆ ಕೆಟ್ಟಿತೆಂದು ಅರ್ಧ ದಾರಿಯಿಂದ ಹಿಂತಿರುಗಿ ಬಂದವನ ಬೆನ್ನನ್ನು ಗುರುಗಳು ತಟ್ಟುತ್ತಾರಂತೆ. "ಹೊಳ್ಳಿ ಬರೋದು ಕಲಿಯಾಕ ಭಾಳ ದಿನ ಬೇಕಾತ್ರಿ ಕಾಕಾ" ಎಂದು ಆತ ನಕ್ಕ. ಸುದ್ದಿಯನ್ನು ಪಡೆಯುವುದರ ಕೊನೆಯ ಫಲ ಇದೇ ಅಲ್ಲವೇ? ತಿಳಿದ ಮೇಲೆ ನಡೆ ಬದಲಾಗದಿದ್ದರೆ ತಿಳಿದುದರಿಂದ ಏನು ಬಂತು? ತೆರೆಯ ಮೇಲೆ ಬಣ್ಣದ ಚಿತ್ರವಿರಲಿ, ಗೋಪುರದ ಧ್ವನಿಯಿರಲಿ, ಸೇತುವೆಯ ಅಳತೆಪಟ್ಟಿಯಿರಲಿ, ಅದು ಹೇಳುವುದನ್ನು ಕೇಳಿ ಮನೆ ಬಿಡುವ, ಹಿಂತಿರುಗುವ, ಕಾದು ಕೂರುವ ವಿನಯ ನಮ್ಮಲ್ಲಿರಬೇಕು.

ಈ ಸಮ್ಮೇಳನಕ್ಕೆ ಬಂದ ನಮ್ಮ ಮಕ್ಕಳಲ್ಲಿ ಮುಂದೆ ಕೆಲವರು ವಿಮಾನ ಹಾರಿಸಬಹುದು, ಕೆಲವರು ಹವಾಮಾನ ಶಾಸ್ತ್ರ ಓದಬಹುದು, ಹೆಚ್ಚಿನವರು ಈ ನದಿಯ ದಂಡೆಯಲ್ಲೇ ಮನೆ ಮಾಡಿಕೊಂಡಿರಬಹುದು. ಅವರಿಗೆ ನಾವು ಹೇಳಬೇಕಾದುದು ದೊಡ್ಡದೇನಲ್ಲ. ಎರಡು ಭಾಷೆಯನ್ನೂ ಚೆನ್ನಾಗಿ ಕಲಿಯಿರಿ. ಮೇಲಿನ ಊರಿನ ಸುದ್ದಿಯನ್ನು ಕೆಳಗಿನ ಊರಿಗೆ ಹೇಳಬಲ್ಲವರು ಎರಡನ್ನೂ ಬಲ್ಲವರೇ. ಯಾವ ಸುದ್ದಿ ಬಂದರೂ ಅದು ಹುಟ್ಟಿದ ಹೊತ್ತನ್ನು ಕೇಳಿರಿ. ನೀವು ಕಳಿಸುವ ಸುದ್ದಿಯ ತಲೆಯ ಮೇಲೆ ಹೊತ್ತನ್ನು ಬರೆಯಿರಿ. ಮಳೆಯಿರಲಿ ಬಿಸಿಲಿರಲಿ, ಹಗಲಿರಲಿ ಇರುಳಿರಲಿ, ಯಾವುದೋ ನಿಲ್ದಾಣದ ಮೂಲೆಯಲ್ಲಿ ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಆಕಾಶವನ್ನು ನೋಡಿ, ಕಂಡದ್ದನ್ನಷ್ಟೇ ಬರೆದು ಕಾಣದ ಚಾಲಕನಿಗೆ ಕಳಿಸುವ ಆ ವೀಕ್ಷಕನನ್ನು ನೆನೆಯಿರಿ. ಅವನ ಹೆಸರನ್ನು ಮೇಲೆ ಹಾರುವವರು ಅರಿಯರು. ಅವನು ಬರೆದ ಹೊತ್ತನ್ನು ನಂಬಿ ಅವರು ಮನೆ ಸೇರುತ್ತಾರೆ.